ನಾಲ್ಕನೇ ಪ್ಯಾಡಿನ ಹಡಗು

"ಲೇ, ನಾಲ್ಕನೇ ಪ್ಯಾಡಿನವನೇ! ಸೊಂಟ ಮುರ್ಕೊಂಡು ಬಿದ್ದಿದ್ದೀಯೇನೋ? ಏಳೋಕಾಗಲ್ವಾ? ಯಾರಾದ್ರೂ ಬಂದು ಎತ್ತಿ ಪಕ್ಕಕ್ಕಿಡ್ಬೇಕಾ?"

ಕಂಪ್ಯೂಟರುಗಳ ಮುಂದೆ ಸಾಲಾಗಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗುಂಡನಂತೂ ಕುರ್ಚಿಯ ಸಮೇತ ಹಿಂದಕ್ಕೆ ವಾಲಿ, ಬೀಳುವುದರೊಳಗೆ ಮೇಜು ಹಿಡಿದುಕೊಂಡ. ನಗು ಬರೀ ಆ ಗೇಮಿಂಗ್ ಸೆಂಟರಿನೊಳಗಿನದಲ್ಲ. ಆಟದೊಳಗೆ, ಬಾಹ್ಯಾಕಾಶದ ಆ ಗಣಿ ಠಾಣೆಯ ಹತ್ತಿರ ಯಾರೆಲ್ಲ ಇರುತ್ತಾರೋ ಅವರಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆ. ಯಾವ ಊರಿನವರೋ, ಯಾರ ಮನೆಯ ಮಕ್ಕಳೋ, ಮುಖ ಕಾಣದವರು ಕೂಡ ಹೆಡ್‌ಫೋನಿನೊಳಗೆ ಕಿಸಕಿಸ ನಕ್ಕರು. ನಾಲ್ಕನೇ ಪ್ಯಾಡಿನಲ್ಲಿದ್ದ ಹಡಗು ಮಾತ್ರ ಮಿಸುಕಲಿಲ್ಲ.

ಹಾಗೆ ಕೂಗಿ ಬೈದವನು ಬೆಳಕು ಹರಿಯುವ ಮುಂಚೆ ಗೋದಾಮಿಗೆ ಹೋಗಿ, ಮಧ್ಯಾಹ್ನದ ತನಕ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸಿ ಬಂದಿದ್ದ. ಅಂಗೈಯಲ್ಲಿ ಇನ್ನೂ ಗಾಡಿಯ ನಡುಕವಿತ್ತು. ಅಲ್ಲೂ ಇದೇ ಗೋಳು. ಸಾಮಾನು ಇಳಿಸುವ ಬಾಗಿಲಿಗೆ ಅಡ್ಡಲಾಗಿ ಮ್ಯಾನೇಜರ್ ಕಾರು ನಿಲ್ಲಿಸಿ ಒಳಗೆ ಎ.ಸಿ.ಯಲ್ಲಿ ಕೂರುತ್ತಾನೆ. ಕಾರು ತೆಗೀರಿ ಸಾರ್ ಅಂತ ಹೇಳಲು ಹೋದರೆ, "ಐದು ನಿಮಿಷ ತಡ್ಕೊಳೋಕಾಗಲ್ವೇನಯ್ಯಾ" ಅನ್ನುತ್ತಾನೆ. ಅವನ ಐದು ನಿಮಿಷ ಯಾವತ್ತೂ ಮುಗಿಯುವುದಿಲ್ಲ. ಹಲ್ಲು ಕಚ್ಚಿಕೊಂಡು ನಿಲ್ಲಬೇಕು. ಇಲ್ಲಿಗೆ ಬಂದರೆ ಇಲ್ಲೂ ಒಬ್ಬ ಮ್ಯಾನೇಜರ್. ಆದರೆ ಇಲ್ಲಿ ಬೈಯಬಹುದು. ಇಲ್ಲಿ ಬೈದರೆ ಕೆಲಸ ಹೋಗುವುದಿಲ್ಲ.

ಆ ಗಣಿ ಠಾಣೆಯಲ್ಲಿ ಹಡಗು ಇಳಿಸಲು ಇರುವುದೇ ನಾಲ್ಕು ಪ್ಯಾಡು. ಎಲ್ಲರಿಗೂ ಸೇರಿದ್ದು, ಒಂದೊಂದಕ್ಕೂ ಬೇರೆ ಬೇರೆ ಸಾಲು. ಬಂದು, ಸರಕು ಇಳಿಸಿ, ಜಾಗ ಖಾಲಿ ಮಾಡಬೇಕು. ಆದರೆ ಕೆಲವರು ಹಡಗನ್ನು ಅಲ್ಲೇ ನಿಲ್ಲಿಸಿ ಊಟಕ್ಕೆ ಹೋಗುತ್ತಾರೆ, ಸ್ನಾನಕ್ಕೆ ಹೋಗುತ್ತಾರೆ, ಇನ್ನು ಕೆಲವರು ಬೇರೆಯವರು ಒದ್ದಾಡುವುದನ್ನು ನೋಡಲೆಂದೇ ನಿಲ್ಲಿಸಿಕೊಂಡಿರುತ್ತಾರೆ. ಇವತ್ತು ಅವನ, ಗುಂಡನ ಮತ್ತು ಕನ್ನಡಕದವನ ಮೂರು ಹಡಗುಗಳಲ್ಲೂ ಮಂಜುಗಡ್ಡೆ ತುಂಬಿತ್ತು. ಎಷ್ಟೋ ದಿನದ ಪಾಡು. ಹೊತ್ತು ಹೋದಷ್ಟೂ ಕರಗುತ್ತಿತ್ತು.

"ಅವರಪ್ಪ ಬರೆದುಕೊಟ್ಟ ಜಾಗ ಅಂದ್ಕೊಂಡಿದ್ದಾನೆ," ಎಂದ ಗುಂಡ.

"ಬೈದು ಪ್ರಯೋಜನ ಇಲ್ಲ. ತಳ್ಳೋಣ," ಎಂದ ಕನ್ನಡಕ. ಅವನು ಹೆಚ್ಚು ಮಾತಾಡುವವನಲ್ಲ. ಮಾತಾಡಿದರೆ ಹೀಗೆ, ಮುಗಿಸಿಬಿಡುವ ಮಾತು.

ತಳ್ಳುವುದೆಂದರೆ, ಸಾಲಿನಲ್ಲಿ ಕಾಯುತ್ತಿರುವವರೆಲ್ಲ ಒಪ್ಪಿ ಗುಂಡಿ ಒತ್ತಿದರೆ ಠಾಣೆಯೇ ಆ ಹಡಗನ್ನು ಕೊಕ್ಕೆಯಿಂದ ಕಿತ್ತು ಆಚೆ ಎಸೆಯುತ್ತದೆ. ಓಡಿಸುವವನಿಗೆ ಎಚ್ಚರವಿಲ್ಲದಿದ್ದರೆ ಹಡಗು ಬಂಡೆಗಳಿಗೆ ಬಡಿದು ಚೂರಾಗುತ್ತದೆ. ಕಟ್ಟಿದವನು ಮೊದಲಿಂದ ಕಟ್ಟಿಕೊಳ್ಳಬೇಕು. ಒಬ್ಬರು ಒಪ್ಪದಿದ್ದರೂ ಆಗುವುದಿಲ್ಲ. ಅವನು ಯಾವತ್ತೂ ಎಲ್ಲರಿಗಿಂತ ಮೊದಲು ಒತ್ತುವವನು. ಅದರಲ್ಲಿ ಅವನಿಗೊಂದು ಹೆಸರೇ ಇತ್ತು.

ಗುಂಡ ಒತ್ತಿದ. ಕನ್ನಡಕ ಒತ್ತಿದ. ಸಾಲಿನಲ್ಲಿದ್ದ ಮುಖ ಕಾಣದವರೂ ಒತ್ತಿದರು. ಅವನು, ಚೂರಾಗುವುದನ್ನು ಹತ್ತಿರದಿಂದ ನೋಡಬೇಕೆಂದು ತನ್ನ ಹಡಗನ್ನು ಪ್ಯಾಡಿನ ಬಾಯಿಯ ತನಕ ತಂದ.

ಹಳೇ ಮಾದರಿಯ ಸರಕು ಹಡಗು. ಆಟ ಶುರು ಮಾಡಿದವರಿಗೆ ಪುಕ್ಕಟೆ ಸಿಗುವಂಥದ್ದು. ಅದಕ್ಕೆ ಅಲ್ಲೊಂದು ಇಲ್ಲೊಂದು ತುಂಡು ಜೋಡಿಸಿ ಉದ್ದ ಮಾಡಿದ್ದರು. ಮೂತಿಗೆ ಹಳದಿ ಬಣ್ಣ. ಪಕ್ಕದಲ್ಲಿ ಹಡಗಿನ ಹೆಸರು ಇರಬೇಕಾದ ಕಡೆ ಬರೀ ನಾಲ್ಕು ಅಂಕಿ: 4172.

ಅವನ ಬೆರಳು ಗುಂಡಿಯ ಮೇಲೇ ನಿಂತಿತು.

ಆ ಅಂಕಿ ಅವನಿಗೆ ಅಕ್ಷರ ಕಲಿಯುವ ಮುಂಚೆಯೇ ಗೊತ್ತಿತ್ತು. ಬೀದಿಯ ತುದಿಯಲ್ಲಿ ಹಳದಿ ಮೂತಿಯ ಲಾರಿ ತಿರುಗಿದರೆ, ಆ ಅಂಕಿ ಕಂಡರೆ, ಅಪ್ಪ ಬಂದ ಅಂತ ಲೆಕ್ಕ. ಅದೇ ಲಾರಿಯ ಹಿಂಬಾಗಿಲು ತೆಗೆಯುವಾಗ ಸರಿಯಾಗಿ ಕಟ್ಟದ ಕಬ್ಬಿಣ ಜಾರಿ ಅಪ್ಪನ ಸೊಂಟದ ಮೇಲೆ ಬಿದ್ದದ್ದು. ಇವನು ಸ್ಕೂಲ್ ಚೀಲ ಮೂಲೆಗೆಸೆದು ಗೋದಾಮಿಗೆ ಹೋದದ್ದು ಆಮೇಲೆ.

"ಒತ್ತೋ, ನೀನೊಬ್ಬನೇ ಬಾಕಿ," ಎಂದ ಗುಂಡ.

ಹಳೇ ಕಂಪ್ಯೂಟರುಗಳ ತುಂಡು ಸೇರಿಸಿ ಮನೆಯಲ್ಲಿ ಅಪ್ಪನಿಗೊಂದು ಯಂತ್ರ ಮಾಡಿಕೊಟ್ಟವನು ಇವನೇ. ಗೋಡೆ ನೋಡಿಕೊಂಡು ಮಲಗುವ ಬದಲು ಏನಾದರೂ ನೋಡಲಿ ಅಂತ. ಆಟ ಹಾಕಿಕೊಟ್ಟು, ಎರಡು ಚಂದ್ರರ ನಡುವೆ ನೀರು ಸಾಗಿಸುವುದು ಹೇಗೆ ಅಂತ ತೋರಿಸಿ, "ಇಷ್ಟೇ ಮಾಡ್ಕೊಂಡಿರಪ್ಪ, ಸಾಕು" ಎಂದಿದ್ದ. ನೀನು ಆಡೋ ಗಣಿ ಠಾಣೆ ಎಲ್ಲಿದೆಯೋ ಅಂತ ಅಪ್ಪ ಕೇಳಿದ್ದಕ್ಕೆ, "ಅದು ದೂರ. ನಿನ್ನ ಕೈಲಾಗಲ್ಲ" ಅಂದಿದ್ದ. ಆಮೇಲೆ ಅಪ್ಪ ಏನಾಡುತ್ತಾನೆ ಅಂತ ಇವನು ಒಂದು ದಿನವೂ ಇಣುಕಿ ನೋಡಿರಲಿಲ್ಲ.

ಮೊಬೈಲ್ ತೆಗೆದು ಮನೆಗೆ ಫೋನ್ ಮಾಡಿದ. ರಿಂಗಾಯಿತು, ನಿಂತಿತು. ಅಪ್ಪನ ಮೊಬೈಲ್ ಯಾವಾಗಲೂ ಒಳಕೋಣೆಯಲ್ಲಿ ಚಾರ್ಜಿಗೆ ಇರುತ್ತದೆ. ಅಮ್ಮ ಹೊಲಿಗೆ ಫ್ಯಾಕ್ಟರಿಯಿಂದ ಬರುವುದು ಸಂಜೆಗೆ.

"ಏನೋ ಯೋಚನೆ? ನಮ್ಮ ಐಸೆಲ್ಲ ನೀರಾಗ್ತಿದೆ ಇಲ್ಲಿ!"

"ಸ್ವಲ್ಪ ತಡಿ. ಬಂದೆ."

"ಎಲ್ಲಿಗೆ? ಒತ್ತಿ ಹೋಗೋ! ಲೇ!"

ಅವನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದು ಎದ್ದ. ಅವನ ಹಡಗು ನಾಲ್ಕನೇ ಪ್ಯಾಡಿನ ಬಾಯಿಗೆ ಅಡ್ಡವಾಗಿ, ಓಡಿಸುವವನಿಲ್ಲದೆ ನಿಂತಿತ್ತು.

ಮನೆ ಎರಡು ಬೀದಿ ಆಚೆ. ಮೊದಲ ತಿರುವಿನ ತನಕ ಓಡಿದ. ಆಮೇಲೆ ಕಾಲು ಬರಲಿಲ್ಲ. ಬೆಳಗಿನಿಂದ ನಿಂತ ಕಾಲು. ದಾಪುಗಾಲು ಹಾಕುತ್ತಾ, ಎದುರು ಬಂದವರಿಗೆಲ್ಲ ಭುಜ ತಾಗಿಸುತ್ತಾ ನಡೆದ. ಸಿಟ್ಟು ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ. ಅಪ್ಪನ ಮೇಲೇ ಬರುತ್ತಿತ್ತು. ಅಷ್ಟು ದೂರ ಯಾಕೆ ಬರಬೇಕಿತ್ತು ಈ ಮುದುಕ? ಬಂದವನು ಹೋಗಬಾರದಿತ್ತಾ?

ಬಾಗಿಲು ದೂಡುತ್ತಿದ್ದಂತೆ ಗುಂಡನ ಧ್ವನಿ ಕೇಳಿಸಿತು. ಕೋಣೆಯ ಸ್ಪೀಕರಿನೊಳಗಿಂದ.

"ಮೊದಲು ಒಂದು ಹೆಣ ಇತ್ತು, ಈಗ ಎರಡಾಯ್ತು! ಅಡ್ಡ ನಿಲ್ಲಿಸಿ ಓಡಿಹೋದ ನನ್ಮಗ!"

ಅಪ್ಪ ದಿಂಬುಗಳಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದ. ತಲೆ ಎದೆಗೆ ಬಿದ್ದಿತ್ತು. ಮಾತ್ರೆ ತಗೊಂಡ ಮೇಲೆ ಬರುವ ನಿದ್ದೆ. ಪಕ್ಕದ ಹಲಗೆಯ ಮೇಲೆ ಅರ್ಧ ಕುಡಿದ ಚಹಾ, ಮೇಲೆ ಕೆನೆ ಕಟ್ಟಿತ್ತು. ಪರದೆಯಲ್ಲಿ ನಾಲ್ಕನೇ ಪ್ಯಾಡು, ಅದರಾಚೆ ಕೆಂಪು ದೀಪ ಹಾಕಿಕೊಂಡು ಸಾಲು ಹಿಡಿದ ಹಡಗುಗಳು.

ಲಾರಿಯವರು ಯಾರ್ಡಿನಲ್ಲಿ ಹೀಗೇ ಮಲಗುತ್ತಿದ್ದರು. ಗಾಡಿ ನಿಲ್ಲಿಸಿ, ಸೀಟಿನಲ್ಲೇ ಕಾಲು ಚಾಚಿ. ಸರದಿ ಬಂದರೆ, ಅಥವಾ ಯಾರಿಗಾದರೂ ಗಾಡಿ ಅಡ್ಡವಾದರೆ, ಹಿಂದಿನವನು ಇಳಿದು ಬಂದು ಬಾಗಿಲಿಗೆ ಎರಡು ಸಲ ಬಡಿಯುತ್ತಿದ್ದ. ಅಷ್ಟೇ. ಅದಕ್ಕೆ ಯಾರೂ ಬೈಯುತ್ತಿರಲಿಲ್ಲ, ಯಾರೂ ಕ್ಷಮೆ ಕೇಳುತ್ತಿರಲಿಲ್ಲ. ಚಿಕ್ಕವನಿದ್ದಾಗ ರಜೆಯಲ್ಲಿ ಜೊತೆಗೆ ಹೋದಾಗ ಅವನಿಗೆ ಹೆದರಿಕೆಯಾಗಿತ್ತು. ನಾವು ಮಲಗಿದ್ರೆ ಬೇರೆಯವರಿಗೆ ದಾರಿ ಹೇಗಪ್ಪ ಅಂತ ಕೇಳಿದ್ದ. "ಬೇಕಾದವನು ಬಂದು ತಟ್ತಾನೆ ಕಣೋ, ಮಲ್ಕೋ," ಎಂದಿದ್ದ ಅಪ್ಪ.

ಅವನು ಬಗ್ಗಿ, ಮಂಚದ ತಲೆದೆಸೆಯ ಹಲಗೆಗೆ ಎರಡು ಸಲ ಬಡಿದ.

ಅಪ್ಪನ ಎಡಗೈ ಮೊದಲು ಎಚ್ಚರವಾಯಿತು. ಎಡಗಾಲು ಕ್ಲಚ್ ಹುಡುಕಲಿಲ್ಲ, ಅದು ಈಗ ಯಾವುದನ್ನೂ ಹುಡುಕುವುದಿಲ್ಲ. ಆದರೆ ಕೈ ಗಾಳಿಯಲ್ಲಿ ಗೇರಿನ ಹಿಡಿಯನ್ನು ತಡಕಿತು.

"ಹಾಂ, ತೆಗ್ದೆ, ತೆಗ್ದೆ," ಎನ್ನುತ್ತ ಕಣ್ಣು ಬಿಟ್ಟ. ಪರದೆ ನೋಡಿದ. ಸಾಲು ನೋಡಿದ. ಗಡಿಬಿಡಿಯಲ್ಲಿ ಮೌಸು ಹಿಡಿದು, ಹಡಗನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ಅಡ್ಡ ನಿಂತಿದ್ದ ಇನ್ನೊಂದು ಹಡಗಿಗೆ ಕೂದಲೆಳೆಯಷ್ಟೂ ತಾಗದಂತೆ ಪಕ್ಕದಿಂದ ನುಸುಳಿಸಿ ಆಚೆ ತಂದ. ಆಮೇಲೆ ಮೈಕಿನ ಹತ್ತಿರ ಬಾಯಿ ತಂದು, "ತಪ್ಪಾಯ್ತಪ್ಪಾ, ಕಣ್ಣು ಹತ್ತಿಬಿಟ್ಟಿತ್ತು. ತುಂಬಾ ಕಾಯಿಸ್ದೆ ನಿಮ್ಮನ್ನೆಲ್ಲ," ಎಂದ.

ವಯಸ್ಸಾದ ಧ್ವನಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ. "ಪರವಾಗಿಲ್ಲ ಬಿಡಿ," ಎಂದ ಗುಂಡ ಸ್ಪೀಕರಿನಲ್ಲಿ, ತನ್ನದಲ್ಲದ ಮೆತ್ತಗಿನ ಧ್ವನಿಯಲ್ಲಿ.

ಅಪ್ಪ ಸ್ಪೀಕರು ಆರಿಸಿ, ಮಗನ ಕಡೆ ತಿರುಗಿ ನಕ್ಕ. "ನೋಡಿದ್ಯಾ? ದಾರಿ ಕೇಳ್ಕೊಂಡು ಬಂದೇಬಿಟ್ಟೆ ಅಲ್ಲಿ ತನಕ. ಸರಕು ಆಗ್ಲೇ ಇಳಿಸಿ ಆಗಿತ್ತು. ನೀನು ಕೆಲಸ ಮುಗಿಸಿ ಅಲ್ಲಿಗೇ ಬರ್ತೀಯಲ್ಲ, ಅಲ್ಲೇ ನಿಂತಿದ್ರೆ ನಂಬರ್ ನೋಡಿ ಗುರುತು ಹಿಡೀತೀಯ ಅಂದ್ಕೊಂಡೆ. ನೀನು ಬಂದು ತಟ್ತೀಯ ಅಂತ."

ಅವನು ಚಹಾದ ಲೋಟ ಕೈಗೆತ್ತಿಕೊಂಡ. ಕೆನೆ ಲೋಟದ ಗೋಡೆಗೆ ಅಂಟಿಕೊಂಡಿತು.

"ನಿದ್ದೇಲಿ ಯಾರೋ ಬೈತಿದ್ದ," ಎಂದ ಅಪ್ಪ, ದಿಂಬನ್ನು ಬೆನ್ನಿನ ಹಿಂದೆ ಸರಿಮಾಡಿಕೊಳ್ಳುತ್ತಾ. "ಸೊಂಟ ಮುರ್ಕೊಂಡಿದ್ದೀಯಾ ಅಂತ. ಪಾಪ, ಅವನಿಗೇನು ಗೊತ್ತು, ಯಾವನೋ ದಣಿದು ಬಂದಿರ್ತಾನೆ." ಮಗನ ಕಡೆ ತಿರುಗಿದ. "ಧ್ವನಿ ಮಾತ್ರ ನಿಂದೇ ಇದ್ದ ಹಾಗಿತ್ತು ಕಣೋ. ನೀನಾ ಅದು?"

ಅವನು ಲೋಟ ಹಿಡಿದುಕೊಂಡು ಅಡುಗೆಮನೆಗೆ ನಡೆದ. ನಲ್ಲಿ ತಿರುಗಿಸಿದ. ಲೋಟ ತುಂಬಿತು, ಉಕ್ಕಿತು. ನೀರು ತಿಳಿಯಾದ ಮೇಲೂ ಅವನು ಅದನ್ನು ಹಾಗೇ ನಲ್ಲಿಯ ಕೆಳಗೆ ಹಿಡಿದುಕೊಂಡೇ ನಿಂತಿದ್ದ.