ಗಾರೆ ಕಾಣದ ಒಂದು ಮೊಳ

ನಾನು ಒಂದು ಗೋಡೆಯ ತುಂಡು. ಉದ್ದ ಒಂದು ಮೊಳ, ಅಗಲ ಒಂದು ಮೊಳ. ಹಂಗೇರಿ ದೇಶದ ಪುಟ್ಟ ಊರೊಂದರಲ್ಲಿ ಯೆಹೂದಿಗಳು ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್ ಕಟ್ಟಿಸಿದಾಗ ನಾನು ಹುಟ್ಟಿದೆ. ಗೋಡೆಗೆಲ್ಲ ನುಣುಪು ಗಾರೆ, ನೀಲಿ ಬಣ್ಣ, ಚಿನ್ನದ ನಕ್ಷತ್ರ. ಬಾಗಿಲ ಪಕ್ಕದ ನಾನು ಮಾತ್ರ ಬೋಳು ಇಟ್ಟಿಗೆ.

ಮೇಸ್ತ್ರಿ ಗೆರ್ಗೆ ನನಗೂ ಗಾರೆ ಹಾಕಲು ಕರಣೆ ಎತ್ತಿದ್ದ. ಅಷ್ಟರಲ್ಲಿ ಯೆಹೂದಿಗಳ ಹಿರಿಯ ಮೋರಿಟ್ಸ್ ಅವನ ಕೈ ಹಿಡಿದ.

"ಅದನ್ನ ಹಾಗೇ ಬಿಡಪ್ಪ. ಜೆರುಸಲೇಮಿನ ನಮ್ಮ ದೇವಾಲಯ ಬಿದ್ದುಹೋಗಿದೆ. ಅದು ನೆನಪಿರಲಿ ಅಂತ ಒಂದು ಮೊಳ ಅರೆಬರೆ ಬಿಡೋದು ನಮ್ಮ ಪದ್ಧತಿ."

"ನೋಡಿದವರು ನನ್ನನ್ನೇ ಬೈತಾರಲ್ಲ ಸ್ವಾಮಿ!" ಎಂದು ಗೆರ್ಗೆ ಗೊಣಗಿದ.

ನನಗೂ ತಲೆಬುಡ ತಿಳಿಯಲಿಲ್ಲ. ಕಾಣದ ಊರಿನ ಕಾಣದ ಮನೆಗಾಗಿ ನಾನೇಕೆ ಅಳಬೇಕು? ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿನ ಹಾಗೆ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮಂದಿರ ನೋಡಿಕೊಳ್ಳುವವನ ಮಗಳು ಹೆರ್ಮಿನಾಗೆ ನಾನೆಂದರೆ ಬಲು ಇಷ್ಟ. ಪ್ರಾರ್ಥನೆ ಉದ್ದವಾದಾಗಲೆಲ್ಲ ನನ್ನ ಸಂದಿನ ಮರಳನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಕೆರೀಬೇಡ್ವೇ, ಗೋಡೆ ಬಿದ್ದೀತು!" ಎಂದು ಅಪ್ಪ ಗದರುತ್ತಿದ್ದ.

ಗೋಡೆ ಬೀಳಲಿಲ್ಲ, ಜನ ಇಲ್ಲವಾದರು. ಎರಡನೇ ಮಹಾಯುದ್ಧದ ಒಂದು ಬೇಸಿಗೆಯಲ್ಲಿ ಊರಿನ ಯೆಹೂದಿಗಳನ್ನೆಲ್ಲ ರೈಲಿಗೆ ತುಂಬಿ ಸಾವಿಗೆ ಕಳಿಸಿದರು. ಶುಕ್ರವಾರ ಸಂಜೆ ಅವರ ವಾರದ ಪ್ರಾರ್ಥನೆಯ ಹೊತ್ತಾದರೆ ನಾನು ಬಾಗಿಲತ್ತ ನೋಡುತ್ತಿದ್ದೆ. ಬಂದದ್ದು ಸೋಫಾಗಳು! ಮಂದಿರ ಗೋದಾಮಾಗಿತ್ತು. ಲಾರಿ ಚಾಲಕರ ಮಾತು ಕೇಳಿದರೆ ದೇಶದ ತುಂಬ ಇದೇ ಕಥೆ: ಒಂದೂರಿನ ಸಿನಗಾಗ್ ಈಜುಕೊಳವಂತೆ, ಇನ್ನೊಂದೂರಿನದು ಚಿತ್ರಮಂದಿರವಂತೆ. ಗೋದಾಮಿನ ಯಜಮಾನ ನನ್ನನ್ನು ಕಂಡು, "ಛೇ, ಎಂಥಾ ಸೋಮಾರಿ ಮೇಸ್ತ್ರಿ!" ಎನ್ನುತ್ತ ಸಿಮೆಂಟ್ ಬಳಿಸಿಯೇಬಿಟ್ಟ. ಕೊನೆಗೂ ಎಲ್ಲರಂತಾದೆನೆಂದು ನಾನು ಹಿಗ್ಗಬೇಕಿತ್ತು. ಉಸಿರುಗಟ್ಟಿತು. ನಾನಿರುವುದೇ ಯಾರಿಗೂ ಗೊತ್ತಿಲ್ಲದಿದ್ದರೆ ನಾನು ನೆನಪಿಸುವುದು ಯಾರಿಗೆ, ಏನನ್ನು?

ಎಷ್ಟೋ ವರ್ಷಗಳ ಮೇಲೆ ಮಂದಿರ ದುರಸ್ತಿಯಾಯಿತು. ನೀಲಿ ಬಣ್ಣ, ನಕ್ಷತ್ರ ಎಲ್ಲ ಮರಳಿದವು. ನನ್ನ ಮೇಲೂ ಒಂದು ನಕ್ಷತ್ರ ಬರೆದರು! ಉದ್ಘಾಟನೆಯ ದಿನ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಸೀದಾ ಬಾಗಿಲ ಪಕ್ಕ ನಿಂತು ಗೋಡೆ ಸವರಿ, ಬೀಗದ ಕೈ ತೆಗೆದು ಆ ನಕ್ಷತ್ರವನ್ನೇ ಕೆರೆಯತೊಡಗಿದಳು. ಆ ಕೆರೆತ ನನಗೆ ಗೊತ್ತಿತ್ತು. ಅವಳು ನನ್ನ ಹೆರ್ಮಿನಾ!

"ಅಜ್ಜೀ! ಈಗಷ್ಟೇ ಮುಗಿಸಿದ್ದೀವಿ!" ಎಂದು ಇಂಜಿನಿಯರ್ ಬಾಲಿಂಟ್ ಓಡಿಬಂದ.

"ಇದನ್ನ ಮುಗಿಸಬಾರದಪ್ಪಾ. ಇಲ್ಲಿ ಇಟ್ಟಿಗೆ ಕಾಣಬೇಕು. ಆ ರೈಲಿಂದ ವಾಪಸ್ ಬಂದೋಳು ನಾನೊಬ್ಬಳೇ. ನಾನೂ ಹೋದ್ರೆ ಇದನ್ನ ಹೇಳೋರ‍್ಯಾರು?"

ಬಾಲಿಂಟ್ ತಾನೇ ಹೋಗಿ ಉಳಿ ತಂದ. ನಕ್ಷತ್ರ, ಸಿಮೆಂಟ್ ಎಲ್ಲ ಕಿತ್ತು ತೆಗೆದ.

ಈಗ ನಾನು ಮತ್ತೆ ಬೋಳು. ನೋಡಲು ಬಂದವರು "ಇದೊಂದು ಬಾಕಿ ಉಳಿದಿದೆ" ಎನ್ನುತ್ತಾರೆ. ಬಿದ್ದುಹೋದ ಮನೆಯ ನೆನಪಿಗೆ ನಾನು ಎಂದಿದ್ದರಲ್ಲ, ಅದು ಯಾವ ಮನೆ ಎಂಬುದೇ ಈಗ ಗೊಂದಲ. ಈ ಮಂದಿರದ ಗೋಡೆ ಗಟ್ಟಿಯಾಗಿದೆ, ಮಾಡು ಭದ್ರವಾಗಿದೆ, ಪ್ರಾರ್ಥಿಸುವವರು ಮಾತ್ರ ಇಲ್ಲ. ಆಗೊಮ್ಮೆ ಈಗೊಮ್ಮೆ ಹೆರ್ಮಿನಾ ಬಂದು ನನ್ನ ಸಂದಿನ ಮರಳನ್ನು ಉಗುರಿನಿಂದ ಕೆರೆಯುತ್ತಾಳೆ. ಗದರಲು ಯಾರೂ ಇಲ್ಲ.