ವೇಷವಿಲ್ಲದ ಐದು ನಿಮಿಷ

ಮೂರನೇ ಸಾಲಿನಲ್ಲಿ ಬಲ್ಜಿಂದರ್ ಮಾಸಿ ಕುಳಿತಿದ್ದನ್ನು ಕಂಡು ನಾನು ವೇದಿಕೆಯ ಪಕ್ಕಕ್ಕೆ ಸರಿದೆ. ಅವರು ಅಮ್ಮನ ಒಡಹುಟ್ಟಿದವರಲ್ಲ, ಗೆಳತಿ; ಮನೆಯಲ್ಲೇ ರೊಟ್ಟಿ ಮಾಡಿ ಮಾರುವವರು. ಆದರೂ ನನಗೆ ನೆನಪಿರುವಾಗಿನಿಂದ ಮಾಸಿಯೇ, ಚಿಕ್ಕಮ್ಮನೇ. ‘ಹುಡುಗಿ ಮೈಕಿನ ಮುಂದೆ ಅದೇನು ಮಾತಾಡ್ತಾಳೋ ನೋಡ್ಕೊಂಡು ಬಾ’ ಎಂದು ಅಮ್ಮ ಕಳಿಸಿರಬೇಕು.

ಬ್ರಾಂಪ್ಟನ್‌ನಲ್ಲಿ ಶನಿವಾರ ಮಧ್ಯಾಹ್ನದ ಹಾಸ್ಯ ಕಾರ್ಯಕ್ರಮ ನಡೆಸುವ ಡ್ವೇನ್ ಪರ್ಸಾದ್ ಕ್ಯಾಮೆರಾ ಸರಿಮಾಡುತ್ತಿದ್ದ.

“ಇವತ್ತು ಬೇಡ ಡ್ವೇನ್. ಮುಂದಿನ ವಾರ ಮಾಡ್ತೀನಿ.”

“ಮುಂದಿನ ವಾರ ಯಾರಿಗೆ ಕಳಿಸ್ತೀಯ ಪವ್ನೀತ್, ನಮ್ಮಜ್ಜಿಗಾ? ಹಾಸ್ಯೋತ್ಸವದವರು ವಿಡಿಯೊ ತಗೊಳ್ಳೋದು ಇವತ್ತೇ ಕೊನೆ.”

ಎಲ್ಲೂ ಕತ್ತರಿಸದ ಐದು ನಿಮಿಷದ ವಿಡಿಯೊ. ಆರಿಸಿದರೆ ಹನ್ನೆರಡು ಊರುಗಳಲ್ಲಿ ವೇದಿಕೆ. ನಾನು ಹತ್ತನೇ ತರಗತಿಗೆ ಶಾಲೆ ಬಿಟ್ಟವಳು. ಆರು ವರ್ಷದಿಂದ ಮಾಲ್ ಒಂದರಲ್ಲಿ ದಾರ ಹಿಡಿದು ಹೆಂಗಸರ ಹುಬ್ಬು ತಿದ್ದುತ್ತಿದ್ದೇನೆ. ಅವರು ಕಣ್ಣು ಮುಚ್ಚಿರುವಾಗ ಮಾತ್ರ ನನಗೆ ಧೈರ್ಯವಾಗಿ ಮಾತು ಬರುತ್ತದೆ. ನಗಿಸುವುದನ್ನು ಕಲಿತದ್ದೂ ಅಲ್ಲೇ.

ಆದರೆ ಆ ಐದೂ ನಿಮಿಷ ದಿಲ್ರೀತಳ ಬಗ್ಗೆ ಇತ್ತು. ಎರಡು ವರ್ಷದಿಂದ ನಮ್ಮಿಬ್ಬರದು ಒಂದೇ ಮನೆ, ಒಂದೇ ಹಾಸಿಗೆ. ಅಮ್ಮನ ಲೆಕ್ಕದಲ್ಲಿ ಅವಳು ಬಾಡಿಗೆ ಹಂಚಿಕೊಳ್ಳುವ ಹುಡುಗಿ.

ಡ್ವೇನ್ ಹೆಸರು ಕೂಗಿದ. ಕಾಲು ತಾನಾಗಿ ನಡೆಯಿತು.

“ನನ್ನ ಹೆಂಡ್ತಿ ಬಸ್ ಓಡಿಸ್ತಾಳೆ,” ಎಂದೆ. “ಜಗಳ ಆದ್ರೆ ನಡುದಾರೀಲಿ ಇಳಿಸಿಬಿಡ್ತಾಳೆ. ನಾನು ಮುಂದಿನ ಬಸ್ಸಿಗೆ ಕಾಯ್ಬೇಕು. ಅದನ್ನೂ ಓಡಿಸ್ಕೊಂಡು ಬರೋದು ಅವಳೇ.”

ಜನ ನಕ್ಕರು. ಮಾಸಿಯೂ ತೊಡೆ ತಟ್ಟಿಕೊಂಡು ನಕ್ಕರು. ನನಗೆ ಅರ್ಥವಾಗಲಿಲ್ಲ. ಹೆಂಡತಿ ಎಂದಷ್ಟೂ ಅವರ ನಗು ಜೋರಾಗುತ್ತಿತ್ತು. ಆಮೇಲೆ ಹೊಳೆಯಿತು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಹೆಂಗಸರಷ್ಟೇ ಸೇರಿ ಕುಣಿಯುವಾಗ, ಒಬ್ಬಳು ಪೇಟ ಸುತ್ತಿ, ಮೀಸೆ ಬರೆದುಕೊಂಡು ಗಂಡನಾಗುತ್ತಾಳೆ; ಹೆಂಡತಿಯನ್ನು ಆಡಿಕೊಳ್ಳುತ್ತಾಳೆ. ಆ ಆಟದಲ್ಲಿ ಮಾಸಿಯನ್ನು ಮೀರಿಸುವವರಿರಲಿಲ್ಲ. ನಾನೂ ಅದನ್ನೇ ಆಡುತ್ತಿದ್ದೇನೆ ಎಂದುಕೊಂಡಿದ್ದರು.

ಕೆಂಪು ದೀಪ ಹತ್ತಿತು. ಅಂದರೆ ಇನ್ನು ಒಂದೇ ನಿಮಿಷ ಉಳಿದಿತ್ತು. ಅಷ್ಟರಲ್ಲಿ ಮಾಸಿ ಎದ್ದು ನಿಂತರು.

“ಶಾಬಾಶ್ ಪುತ್ತರ್! ಆದ್ರೆ ಮೀಸೆ ಎಲ್ಲೇ? ಪೇಟ ಇಲ್ದೆ ಯಾರಾದ್ರೂ ಗಂಡನ ವೇಷ ಹಾಕ್ತಾರೇನೇ?”

ಮತ್ತೆ ನಗು. ಕ್ಯಾಮೆರಾ ಓಡುತ್ತಲೇ ಇತ್ತು. ‘ಮನೇಲಿ ಮರೆತು ಬಂದೆ ಮಾಸಿ’ ಎಂದರೆ ಸಾಕಿತ್ತು. ಅಮ್ಮನಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ದಿಲ್ರೀತ್ ನಾನು ಕಟ್ಟಿದ ಕಥೆಯಾಗುತ್ತಿದ್ದಳು, ಹನ್ನೆರಡು ಊರುಗಳಲ್ಲೂ.

“ವೇಷ ಅಲ್ಲ ಮಾಸಿ.” ಮೈಕನ್ನು ಬಾಯಿಗೆ ಹತ್ತಿರ ತಂದೆ. “ವಾರವಾರ ನಿಮ್ಮನೆಯಿಂದ ಎರಡು ಡಜನ್ ರೊಟ್ಟಿ ಕೊಂಡ್ಕೊಂಡು ಹೋಗ್ತೀನಲ್ಲ, ಒಬ್ಳೇ ತಿಂತೀನಿ ಅಂದ್ಕೊಂಡ್ರಾ?”

ಹಾಲ್ ಸಿಡಿದಂತೆ ನಕ್ಕಿತು. ಮಾಸಿ ನಗಲಿಲ್ಲ. ಹಿಂದೆ ಕುರ್ಚಿ ಇದೆಯೋ ಇಲ್ಲವೋ ಎಂಬಂತೆ ಕೈಯಿಂದ ತಡವಿ ಕುಳಿತರು. ಉಳಿದದ್ದನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ.

“ಕಳಿಸ್ಲಾ?” ಎಂದ ಡ್ವೇನ್. ನೋಡಿದರೆ ಮಾಸಿಯ ಕುರ್ಚಿ ಖಾಲಿ. ಹೂಂ ಎಂದೆ. ಅವನು ಒತ್ತಿದ.

ಮಾಸಿ ಮೆಟ್ಟಿಲ ಕೆಳಗೆ ನಿಂತಿದ್ದರು.

“ಆ ಹುಡುಗಿ ನಿಜವಾಗ್ಲೂ ಬಸ್ ಓಡಿಸ್ತಾಳಾ?”

“ಹೂಂ.”

“ಯಾವ ನಂಬರು?”

ಹೇಳಿದೆ. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ, ಅದು ಅಲುಗಲಿಲ್ಲ.

“ನಿಮ್ಮಮ್ಮ ಆಗ್ಲೇ ಮೂರು ಸಲ ಫೋನ್ ಮಾಡಿದ್ಲು. ಏನ್ ಹೇಳ್ಲಿ?”

“ಏನೂ ಹೇಳ್ಬೇಡಿ ಮಾಸಿ. ಕಾಲಿಗೆ ಬೀಳ್ತೀನಿ.”

“ಮೀಸೆ ಬರ್ಕೊಂಡಾಗ ಎಷ್ಟು ಬೇಕಾದ್ರೂ ಸುಳ್ಳು ಹೇಳ್ತೀನಿ ಕಣೇ. ಬರೀ ಮುಖದಲ್ಲಿ ನಂಗೆ ಬರಲ್ಲ.”

ಅವರ ಕೈಯಲ್ಲೇ ಫೋನ್ ಬಡಿದುಕೊಂಡಿತು. ಅಮ್ಮನ ಫೋಟೊ. ಮಾಸಿ ಅದನ್ನು ನನ್ನತ್ತ ಚಾಚಿದರು.

“ನೀನೇ ಮಾತಾಡು. ನಾನೆಲ್ಲೂ ಹೋಗಲ್ಲ.”

ಎರಡೂ ಕೈಯಲ್ಲಿ ಹಿಡಿದು ಹಸಿರು ಗುಂಡಿ ಒತ್ತಿದೆ. ಕಿವಿಗಿಟ್ಟುಕೊಂಡೆ.

“ಏನೇ ಬಲ್ಜಿಂದರ್, ಎಷ್ಟ್ ಸಲ ಮಾಡೋದು?” ಎಂದಳು ಅಮ್ಮ. “ಹೇಳೇ ಬೇಗ, ನಗಿಸಿದ್ಲಾ ನಮ್ಮುಡುಗಿ?”

“ಮಮ್ಮೀ,” ಎಂದೆ. “ನಾನು.”