ಬಿಡ್ತು ಅನ್ನಿ

"ನಿಮ್ಮಿಬ್ಬರಲ್ಲಿ ಒಬ್ರು ಮೊದಲು ತೀರಿಕೊಂಡ್ರೆ ಮನೆ ಯಾರಿಗೆ ಹೋಗ್ಬೇಕು?" ಎಂದು ಶೆರಿಲ್ ಎರಡನೆಯ ಸಲ ಕೇಳಿದಳು.

"ಬಿಡ್ತು ಅನ್ನಿ ಮೇಡಂ," ಎಂದ ವಾಮನ. "ಸೈನ್ ಮಾಡೋ ದಿನ ಇದೆಂಥ ಮಾತು!"

"ಬಿಡ್ತು," ಎಂದಳು ಶೆರಿಲ್. ಅವಳು ನೈರೋಬಿಯ ನ್ಗಾರಾ ಬಡಾವಣೆಯಲ್ಲೇ ಹುಟ್ಟಿ ಬೆಳೆದ ವಕೀಲೆ. ಮನೆಮಾತು ಕೊಂಕಣಿ, ಕನ್ನಡ ಮಂಗಳೂರಿನ ತಾಯಿ ಕಲಿಸಿದ್ದು. ಹೊರಗಿನಿಂದ ಬಂದವರು ಇಲ್ಲಿ ಮನೆ ಕೊಳ್ಳುವಾಗ ಬೇಕಾಗುವ ಕಾಗದಪತ್ರಗಳನ್ನು ಹದಿನೆಂಟು ವರ್ಷದಿಂದ ಮಾಡಿಕೊಡುತ್ತಿದ್ದಳು. ಕೆಟ್ಟ ಮಾತು ಬಾಯಿಂದ ಬಂದರೆ ಕೂಡಲೇ 'ಬಿಡ್ತು' ಎಂದು ಹಿಂದಕ್ಕೆ ತೆಗೆದುಕೊಳ್ಳಬೇಕು ಎನ್ನುವುದನ್ನು ಕಲಿತದ್ದು ಮಾತ್ರ ಬೆಂಗಳೂರು, ಮೈಸೂರು ಕಡೆಯ ಕಕ್ಷಿದಾರರಿಂದ. ಎಷ್ಟು ಸಲ ಬೇಕಾದರೂ ಅನ್ನುತ್ತಿದ್ದಳು, ಅದಕ್ಕೆ ಬೇರೆ ಫೀಸು ಇರಲಿಲ್ಲ.

ಆದರೆ ಎದುರಿಗಿದ್ದ ಮನೆಯ ವರ್ಗಾವಣೆ ಪತ್ರದಲ್ಲಿ ಒಂದು ಜಾಗ ಹಾಗೇ ಖಾಲಿ ಇತ್ತು. ಉಳಿದದ್ದೆಲ್ಲ ಮುಗಿದಿತ್ತು. ಕೊಳ್ಳುವವರ ಫೋಟೋಗಳನ್ನೂ ಅವಳೇ ಈಗಷ್ಟೇ ಅಂಟಿಸಿದ್ದಳು. ಎಡಕ್ಕೆ ವಾಮನ, ಬಲಕ್ಕೆ ಅವನ ಹೆಂಡತಿ ಕಾತ್ಯಾಯಿನಿ. ಗೋಂದು ಇನ್ನೂ ಆರಿರಲಿಲ್ಲ.

"ನೋಡಿ ವಾಮನ ಅವರೇ, ಇಲ್ಲಿ ಎರಡೇ ದಾರಿ ಉಂಟು. ಜಂಟಿ ಅಂತ ಬರೆದ್ರೆ, ಉಳಿದವರಿಗೆ ಇಡೀ ಮನೆ. ಪಾಲು ಅಂತ ಬರೆದ್ರೆ, ಅವರವರ ಪಾಲು ಅವರವರ ವಾರಸುದಾರರಿಗೆ. ನೀವು ಹೇಳದಿದ್ರೆ ನಾನು ಎಂತ ಬರೆಯುದು?"

"ಏನೋ ಒಂದು ಬರೀರಿ. ನಮ್ಮೋರೇ ಅಲ್ವಾ ನೀವು."

"ನಿಮ್ಮವಳಾದ್ರೂ ನಿಮ್ಮ ಮನಸ್ಸಿನೊಳಗೆ ಹೋಗಿ ನೋಡ್ಲಿಕ್ಕೆ ಆಗ್ತದಾ ಮಾರಾಯ್ರೆ?"

ವಾಮನ ನಕ್ಕ. ಕಂಪನಿ ಕಳಿಸಿತೆಂದು ಎರಡು ವರ್ಷಕ್ಕೆ ಬಂದು ಹದಿನಾಲ್ಕು ವರ್ಷ ಇಲ್ಲೇ ಉಳಿದ ಟೆಲಿಕಾಂ ಎಂಜಿನಿಯರ್ ಅವನು. ಮೈಯೆಲ್ಲ ಎಚ್ಚರಿಕೆಯ ಆಸಾಮಿ. ಈ ದೇಶದ ಪ್ರಜೆಗಳಲ್ಲದವರಿಗೆ ಆಸ್ತಿ ತೊಂಬತ್ತೊಂಬತ್ತು ವರ್ಷದ ಲೀಸಿಗೆ ಮಾತ್ರ ಸಿಗುತ್ತದೆ ಎಂದು ಶೆರಿಲ್ ಹೇಳಿದ್ದೇ ತಡ, ನೂರನೆಯ ವರ್ಷ ಏನಾಗುತ್ತದೆ, ಆಗ ಲಿಫ್ಟು ಯಾರದು, ಗೇಟು ಯಾರದು ಎಂದು ಅರ್ಧ ಗಂಟೆ ವಿಚಾರಿಸಿದ್ದ. ಅಷ್ಟು ದೂರದ್ದನ್ನು ಅಷ್ಟು ಸಲೀಸಾಗಿ ಮಾತಾಡಿದ ಮನುಷ್ಯ, ಬರುವ ವರ್ಷದ ಮಾತು ಬಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಅವನ ಭಯ ಸುಳ್ಳಲ್ಲ, ಆದರೆ ಅದು ಈಗ ಅನುಕೂಲಕ್ಕೂ ಬಂದಿತ್ತು. ತೀರಿಕೊಂಡ ಮೊದಲ ಹೆಂಡತಿ ವಿಮಲಾಳಿಂದ ಅವನಿಗೊಬ್ಬ ಮಗಳಿದ್ದಳು, ಶ್ರದ್ಧಾ. ಇಲ್ಲೇ ಓದಿ, ಇಲ್ಲೇ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಲ್ಯಾವಿಂಗ್ಟನ್‌ನಲ್ಲಿ ಫ್ಲ್ಯಾಟು ಕೊಳ್ಳುತ್ತಿದ್ದೇನೆ ಎಂದು ಅವನು ಕನ್ನಡದಲ್ಲಿ ಹೇಳಿದಾಗ ಅವಳು, "ಕಂಗ್ರಾಟ್ಸ್ ಅಪ್ಪಾ. ಹೂಸ್ ನೇಮ್ ಈಸ್ ಇಟ್ ಇನ್?" ಎಂದಿದ್ದಳು. ಅದಕ್ಕೆ ಅವನಿನ್ನೂ ಉತ್ತರ ಕೊಟ್ಟಿರಲಿಲ್ಲ. ಮಗಳ ಮನಸ್ಸು ನೋಯಿಸುವುದು ಅವನಿಂದಾಗದು, ಹೆಂಡತಿಯದೂ ಆಗದು. ಹೀಗಾಗಿ ಖಾಲಿ ಬಿಡುವುದೇ ಕ್ಷೇಮವೆಂದು ಅವನಿಗೆ ತೋರಿತ್ತು.

ಕಾತ್ಯಾಯಿನಿ ಇಷ್ಟು ಹೊತ್ತೂ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಲ್ಯಾವಿಂಗ್ಟನ್‌ನ ಶಾಲೆಯೊಂದರಲ್ಲಿ ಗಣಿತದ ಟೀಚರು. ವಾಮನನನ್ನು ಮದುವೆಯಾಗಿ ಆರು ವರ್ಷ. ಮನೆಯಲ್ಲಿ 'ಬಿಡ್ತು ಅನ್ನಿ' ಎನ್ನುವ ಖಾತೆ ನಿಜವಾಗಿ ಅವಳದೇ. ವಾಮನ ಮಟಾಟು ವ್ಯಾನು ಹತ್ತುವಾಗ ಕಾಲು ಜಾರಿತು ಎಂದರೆ ಅನ್ನಬೇಕು, ತಲೆ ಸಿಡಿದು ಸಾಯುವ ಹಾಗಾಗಿದೆ ಎಂದರೆ ಅನ್ನಬೇಕು. ಕೆಲಸಕ್ಕೆ ಬರುವ ವಂಜಿಕುಗೂ ಅಭ್ಯಾಸವಾಗಿ, ಲೋಟ ಕೈಜಾರಿದರೆ "ಬಿಡ್ತು, ಮಾಮಾ" ಎಂದು ತನ್ನ ಸ್ವಾಹಿಲಿಯ 'ಅಮ್ಮ'ನನ್ನೂ ಸೇರಿಸಿ ಅನ್ನುತ್ತಿದ್ದಳು.

ಇವತ್ತು ಮಾತ್ರ ಕಾತ್ಯಾಯಿನಿ ಒಮ್ಮೆಯೂ ಅಂದಿರಲಿಲ್ಲ. ಹಿಂದಿನ ಭೇಟಿಗಳಲ್ಲೆಲ್ಲ ಅವಳ ಬಾಯಲ್ಲಿ ಆ ಮಾತು ಕೇಳಿದ್ದ ಶೆರಿಲ್ ಅದನ್ನು ಗಮನಿಸಿದ್ದಳು.

"ನೀವು ಎಂತ ಹೇಳ್ತೀರಿ ಕಾತ್ಯಾಯಿನಿ? ನಿಮ್ಮ ಹೆಸರೂ ಉಂಟಲ್ಲ ಇದರಲ್ಲಿ."

"ಅವಳದೇನಿಲ್ಲ ಮೇಡಂ, ನಾನು ಹೇಳಿದ್ದಕ್ಕೆ..." ಎಂದು ವಾಮನ ಶುರುಮಾಡಿದ.

"ಇದೆ ರೀ," ಎಂದಳು ಕಾತ್ಯಾಯಿನಿ.

ಅವಳು ಶೆರಿಲ್ ಕಡೆ ನೋಡಲಿಲ್ಲ, ಗಂಡನ ಕಡೆಗೂ ನೋಡಲಿಲ್ಲ. ಬ್ಯಾಗಿನ ಜಿಪ್ ನೋಡುತ್ತ, ಮಕ್ಕಳಿಗೆ ಲೆಕ್ಕದ ಮೆಟ್ಟಿಲು ಹೇಳುವ ಅದೇ ದನಿಯಲ್ಲಿ ಹೇಳಿದಳು.

"ಮೈಸೂರಲ್ಲಿ ವಿಠ್ಠಲ ಅವರಿದ್ದಾಗ... ಮೇಡಂ, ಅವರು ನನ್ನ ಮೊದಲನೇ ಯಜಮಾನರು. ಆಸ್ಪತ್ರೆಯಿಂದ ಟೆಸ್ಟ್ ಮಾಡಿಸ್ಕೊಂಡು ಬಂದಿದ್ರು. ನಾನು ಅವರೆಕಾಳು ಬಿಡಿಸ್ತಾ ಇದ್ದೆ. ಬಂದು ಪಕ್ಕದಲ್ಲಿ ಕೂತ್ಕೊಂಡು, 'ಕಾತ್ಯಾ, ನಂಗೇನಾದ್ರೂ ಆದ್ರೆ ಈ ಮನೆ' ಅಂದ್ರು. ನಾನು ಬಿಡ್ತು ಅನ್ನಿ ಅಂದೆ. ಅವರು ನಕ್ಕು ಬಿಡ್ತು ಅಂದ್ರು. ಇನ್ನೊಂದು ಸಲ ಆ ಮಾತು ಎತ್ತಲೇ ಇಲ್ಲ."

ಕೆಳಗಿನ ರಸ್ತೆಯಲ್ಲಿ ಮಟಾಟುವೊಂದು ಹಾರ್ನ್ ಒತ್ತುತ್ತಲೇ ಇತ್ತು.

"ನಾಲ್ಕು ತಿಂಗಳಿಗೆ ಹೋದ್ರು. ಹದಿಮೂರನೇ ದಿನ ಊಟ ಆದ್ಮೇಲೆ ಭಾವ ಬಂದು ಬೀಗದ ಕೈ ಕೇಳಿದ್ರು. ಮನೆ ಭಾವನ ಹೆಸರಲ್ಲಿತ್ತಂತೆ. ನಂಗೆ ಗೊತ್ತೇ ಇರ್ಲಿಲ್ಲ. ಎರಡು ಸೂಟ್‌ಕೇಸ್ ತಗೊಂಡು ಹಾಸ್ಟೆಲ್‌ಗೆ ಹೋದೆ. ಅಲ್ಲಿಂದ ಇಲ್ಲಿಗೆ." ಅವಳು ಜಿಪ್ ಎಳೆದು ಮತ್ತೆ ಮುಚ್ಚಿದಳು. "ಅವತ್ತು ಅವರು ಏನು ಹೇಳೋಕೆ ಹೊರಟಿದ್ರೋ ಇವತ್ತಿಗೂ ನಂಗೆ ಗೊತ್ತಿಲ್ಲ. ಬಾಯಿ ಮುಚ್ಚಿಸಿದ್ದು ನಾನೇ."

ವಾಮನನಿಗೆ ಸೂಟ್‌ಕೇಸಿನ ವಿಷಯ ಗೊತ್ತಿತ್ತು. ಅವರೆಕಾಳಿನ ವಿಷಯ ಗೊತ್ತಿರಲಿಲ್ಲ. ಆರು ವರ್ಷದಲ್ಲಿ ತಾನು ಅದನ್ನು ಕೇಳಿಯೂ ಇರಲಿಲ್ಲ ಎಂಬುದು ಹೊಳೆದು ಅವನಿಗೆ ನಾಚಿಕೆಯಾಯಿತು.

"ಶ್ರದ್ಧಾಗೆ ಸೇರಬೇಕಾದ್ದು ಶ್ರದ್ಧಾಗೆ ಸೇರಲಿ," ಎಂದಳು ಕಾತ್ಯಾಯಿನಿ. "ಇಡೀ ಮನೆ ನಂಗೆ ಬೇಡ. ಆದ್ರೆ ನಾನಿರೋವರೆಗೂ ಯಾರೂ ಬಂದು ಕೀ ಕೇಳಬಾರದು. ಇನ್ನೊಂದು ಸಲ ನನ್ನ ಕೈಲಾಗಲ್ಲ ರೀ."

ವಾಮನ ಮೇಜಿನ ಮೇಲಿನ ಕಾಗದವನ್ನು ತನ್ನತ್ತ ಎಳೆದುಕೊಂಡ. "ಹಾಗೆ ಬರೆಯೋಕ್ಕಾಗತ್ತಾ ಮೇಡಂ?"

"ಆಗ್ತದೆ. ಇಲ್ಲಿ ಪಾಲು ಅಂತ ಬರೆಯುದು. ನಿಮ್ಮ ಪಾಲಿಗೆ ಬೇರೆ ಒಂದು ವಿಲ್ ಮಾಡುದು. ಆದ್ರೆ ಅದರ ಮಾತು ನಿಮ್ಮ ಬಾಯಿಂದಲೇ ಬರ್ಬೇಕು. ನಾನು ಹೇಳಿಕೊಡುವ ಹಾಗಿಲ್ಲ."

"ಬರ್ಕೊಳ್ಳಿ," ಎಂದ ವಾಮನ. ನೀರು ಕುಡಿದ. ಶೆರಿಲ್ ಹೊಸ ಹಾಳೆ ತೆಗೆದು ಪೆನ್ನು ಹಿಡಿದು ಕಾದಳು.

"ಪಾಲು ಸಮಸಮ. ನನ್ನ ಪಾಲಿನ ವಿಷಯ... ನಾನು ಮೊದಲು ಸತ್ತರೆ..."

ಅಷ್ಟಕ್ಕೇ ನಿಂತ. ಆರು ವರ್ಷದ ರೂಢಿ, ತಾನಾಗಿಯೇ ಹೆಂಡತಿಯ ಕಡೆ ತಿರುಗಿದ. ಈಗ ಅವಳು 'ಬಿಡ್ತು ಅನ್ನಿ' ಅನ್ನುತ್ತಾಳೆ, ತಾನು ಬಿಡ್ತು ಎನ್ನುವುದು, ಆಮೇಲೆ ಮುಂದಿನ ಮಾತು. ಶೆರಿಲ್ ಕೂಡ ಪೆನ್ನು ಎತ್ತಿ ಅದಕ್ಕಾಗಿಯೇ ಕಾದಳು.

ಕಾತ್ಯಾಯಿನಿಯ ತುಟಿ ತೆರೆದು ಮುಚ್ಚಿತು. ಅವಳು ಅನ್ನಲಿಲ್ಲ.

"ಹೇಳಿ," ಎಂದಳು.

"ನಾನು ಮೊದಲು ಸತ್ತರೆ," ಎಂದು ವಾಮನ ಮತ್ತೆ ಮೊದಲಿಂದ ಹೇಳಿದ, "ಕಾತ್ಯಾಯಿನಿ ಬದುಕಿರೋವರೆಗೂ ಮನೆ ಅವಳದು. ಯಾರೂ ಎಬ್ಬಿಸೋ ಹಾಗಿಲ್ಲ. ಅವಳ ನಂತರ ನನ್ನ ಪಾಲು ಶ್ರದ್ಧಾಗೆ."

ಪೆನ್ನು ಹಾಳೆಯ ಮೇಲೆ ಓಡತೊಡಗಿತು. ವರ್ಗಾವಣೆ ಪತ್ರದಲ್ಲಿ ಬಲಗಡೆಯ ಫೋಟೋದ ಒಂದು ಮೂಲೆ ಎದ್ದು ನಿಂತಿತ್ತು. ಕಾತ್ಯಾಯಿನಿ ಕೈಚಾಚಿ ಅದರ ಮೇಲೆ ಹೆಬ್ಬೆರಳು ಒತ್ತಿದಳು. ಶೆರಿಲ್ ಬರೆದು ಮುಗಿಸುವವರೆಗೂ ತೆಗೆಯಲಿಲ್ಲ.